ಜುಮ್ಮೆಂದ ನಾಲಿಗೆ

ಲೀಕ್ಸ್‌ಲಿಪ್
10 ಮಾರ್ಚ್ 2025

ಹೊನ್ನಕ್ಕ,

ನಾನು ಬಂದು ತಲುಪಿದೆ. ಡಬ್ಲಿನ್‌ನಲ್ಲಿ ವಿಮಾನ ಇಳಿದ ಕೂಡಲೇ ತಮ್ಮ ಸಂಪತ್‌ನ ಫೋನಿನಿಂದ ನಿನಗೆ ಎರಡು ಸಲ ಮಾಡಿದೆ, ಮರುದಿನ ಮೂರು ಸಲ. ರಿಂಗಾಗಿ ರಿಂಗಾಗಿ ನಿಂತುಹೋಯಿತು. ಭಾವನಿಗೆ ಮಾಡಿದರೆ, ನೀನು ಒಲೆಯ ಮುಂದೆ ಇದ್ದೀಯ ಎಂದಷ್ಟೇ ಹೇಳಿ ಫೋನು ಇಟ್ಟರು. ಅದಕ್ಕೇ ಕಾಗದ ಹಿಡಿದೆ. ಕಾಗದವನ್ನು ನೀನು ಎಸೆಯುವವಳಲ್ಲ. ಓದದಿದ್ದರೂ ಮಸಾಲೆ ಡಬ್ಬಿಯ ಹಿಂದೆ ತೆಗೆದಿಡುತ್ತೀಯ.

ಸಂಪತ್ ಮತ್ತು ಅನನ್ಯಾ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಸಂಪತ್ ಕೆಲಸ ಮಾಡುವ ಕಾರ್ಖಾನೆ ಒಂದು ಊರಿನಷ್ಟು ದೊಡ್ಡದು. ಅಷ್ಟು ದೊಡ್ಡದರೊಳಗೆ ಉಗುರಿಗಿಂತ ಚಿಕ್ಕ ಕಂಪ್ಯೂಟರ್ ಚಿಪ್ಪು ಮಾಡುತ್ತಾರಂತೆ. ಅವರ ಮಗಳು ಐಶು ಇಲ್ಲೇ ಹುಟ್ಟಿದವಳು. ನಾನು ಹೇಳಿದ ಕನ್ನಡವೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹೇಗಿದ್ದೀಯ ಪುಟ್ಟಿ ಎಂದರೆ 'ಗ್ರ್ಯಾಂಡ್' ಎನ್ನುತ್ತಾಳೆ, ಚೆನ್ನಾಗಿದ್ದೇನೆ ಎಂದು. ಇಲ್ಲಿ ಎಲ್ಲರೂ ಗ್ರ್ಯಾಂಡೇ. ನಿನ್ನೆ ಗಾಳಿಗೆ ಕೊಡೆ ತಿರುಗಿ ಮುಖಕ್ಕೆ ಬಡಿಸಿಕೊಂಡ ಮುದುಕರೊಬ್ಬರು ಕೂಡ ಗ್ರ್ಯಾಂಡ್ ಎಂದೇ ಹೇಳಿ ಮುಂದೆ ಹೋದರು.

ಗಾಂವಕರ ಮಾಸ್ತರರು ಆಸ್ಪತ್ರೆಯಿಂದ ಮನೆಗೆ ಬಂದರೇ? ನಾನು ಹೊರಡುವ ದಿನ ಅವರಿಗೆ ಡ್ರಿಪ್ ತೆಗೆದಿರಲಿಲ್ಲ. ಆವತ್ತು ನಮ್ಮ ಖಾನಾವಳಿಯಲ್ಲಿ ಬಂಗಡೆ ಸಾರು ಉಂಡು ಆರು ಜನ ಹಾಸಿಗೆ ಹಿಡಿದರು. ಮಿಕ್ಕ ಐವರು ಗಟ್ಟಿಗರು, ಎರಡು ದಿನದಲ್ಲಿ ಎದ್ದರು. ಎಪ್ಪತ್ತೆಂಟು ವಯಸ್ಸಿನ ಮಾಸ್ತರರ ಮುಖ ಮಾತ್ರ ವಿಮಾನದಲ್ಲಿ ಕಣ್ಣು ಮುಚ್ಚಿದಾಗಲೆಲ್ಲ ಬಂತು. ಸಾರು ಮಾಡಿದವಳು ನಾನು. ಅದನ್ನು ಮರೆತು ಇಲ್ಲಿ ಬಂದು ಕುಳಿತಿಲ್ಲ ಎಂದು ನೀನು ನಂಬಬೇಕು.

ಇಲ್ಲಿ ಊಟ ರುಚಿಯಾಗಿದೆ. ಬೆಳಿಗ್ಗೆ ಅನನ್ಯಾ ಮಾಡುವ ಕಾಫಿಯ ಪರಿಮಳ ಮನೆಯೆಲ್ಲ ತುಂಬಿರುತ್ತದೆ. ನನಗೆ ಯಾವ ಕೊರತೆಯೂ ಇಲ್ಲ. ಜೂನ್ ನಾಲ್ಕಕ್ಕೆ ಹೊರಟು ಐದಕ್ಕೆ ಗೋವಾದಲ್ಲಿ ಇಳಿಯುತ್ತೇನೆ.

ವಾಸಂತಿ


ಅಂಕೋಲೆ
25 ಮಾರ್ಚ್ 2025

ವಾಸಂತಿ,

ಕಾಗದ ಬಂತು, ಓದಿದೆ. ಫೋನು ಬೇಕೆಂದೇ ಎತ್ತಲಿಲ್ಲ. ಇನ್ನು ಮುಂದೆಯೂ ಎತ್ತುವುದಿಲ್ಲ.

ಮಾಸ್ತರರು ಮನೆಗೆ ಬಂದಿದ್ದಾರೆ. ಗಂಜಿ ಕುಡಿಯುತ್ತಾರೆ, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯುತ್ತಾರೆ. ಖಾನಾವಳಿ ನಾಲ್ಕು ದಿನ ಮುಚ್ಚಿದ್ದೆ, ಆಮೇಲೆ ತೆಗೆದೆ. ಅಡುಗೆ ನಾನೇ ಮಾಡುತ್ತಿದ್ದೇನೆ. ಜನ ಬರುತ್ತಿದ್ದಾರೆ.

ನೀನು ಕೊಡೆಯ ವಿಷಯ ಬರೆದೆ, ಕಾಫಿಯ ಪರಿಮಳ ಬರೆದೆ. ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯಲಿಲ್ಲ. ಈಗ ಇನ್ನೊಂದು ಸಲ ಕೇಳುತ್ತೇನೆ. ಎರಡು ದಿನ ಕರೆಂಟು ಇರಲಿಲ್ಲ. ಫ್ರಿಜ್ಜಿನಲ್ಲಿದ್ದ ಕಾಯಿ ಮಸಾಲೆ ಹಳಸಿತ್ತು. ನಾನು ಸಂತೆಯಿಂದ ಬಂದು ಒಳಗೆ ಕಾಲಿಡುವಾಗ ಮೊದಲ ಪಂಕ್ತಿಯ ಆರು ಜನರೂ ಉಂಡು ಎದ್ದಾಗಿತ್ತು. ಆಗ ನಾನು ಏನು ಅಂದೆ ಎಂದು ನಿನಗೆ ನೆನಪಿದೆ. "ನಂಗೆ ಬಾಗ್ಲಲ್ಲೇ ನಾತ ಹೊಡೀತು, ಒಲೆ ಮುಂದೆ ನಿಂತ ನಿಂಗೆ ಹೊಡೀಲಿಲ್ವಾ?" ನೀನು ತಲೆ ತಗ್ಗಿಸಿ ಸೌಟು ತೊಳೆಯುತ್ತ ನಿಂತೆ.

ಒಂದೇ ಮನೆಗೆ ಸೊಸೆಯಂದಿರಾಗಿ ಬಂದು ಇಪ್ಪತ್ತಾರು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದೇವೆ. ನಿನ್ನ ಗಂಡ ಹೋದ ಮೇಲೆ ಬೋರ್ಡಿನಲ್ಲಿ ಇಬ್ಬರ ಹೆಸರು ಬರೆಸಿದವಳು ನಾನು. ಕಾಯಿ ಹಳಸಿದರೆ ಮೂರನೇ ಮನೆಯಲ್ಲಿ ಕುಳಿತು ಹೇಳುವ ಮೂಗು ನಿನ್ನದು. ನಿನಗೆ ನಾತ ಬಂದೇ ಬಂದಿತ್ತು. ಟಿಕೆಟ್ ಕೈಗೆ ಬಂದಿತ್ತು, ಮನಸ್ಸು ಆಗಲೇ ವಿಮಾನ ಹತ್ತಿತ್ತು, ಯಾರು ಏನು ಉಂಡರೇನು ಎಂದುಕೊಂಡು ಸುರಿದೆ. ಹೌದೋ ಅಲ್ಲವೋ ಅಷ್ಟು ಬರೆ. ಉಳಿದದ್ದು ಬೇಡ.

ಹೊನ್ನಮ್ಮ


ಲೀಕ್ಸ್‌ಲಿಪ್
9 ಏಪ್ರಿಲ್ 2025

ಹೊನ್ನಕ್ಕ,

ಹೌದೂ ಅಲ್ಲ, ಅಲ್ಲವೂ ಅಲ್ಲ. ನನಗೆ ನಾತ ಬರಲಿಲ್ಲ. ನನಗೆ ಯಾವುದರ ವಾಸನೆಯೂ ಬರುವುದಿಲ್ಲ.

ಹೋದ ವರ್ಷದ ಹಿಂದಿನ ದೀಪಾವಳಿಗೆ ನನಗೆ ಜ್ವರ ಬಂದು ಎಂಟು ದಿನ ಮಲಗಿದ್ದೆನಲ್ಲ, ಆ ಜ್ವರ ಬಿಟ್ಟಿತು, ಜೊತೆಗೆ ಮೂಗನ್ನೂ ತೆಗೆದುಕೊಂಡು ಹೋಯಿತು. ಮೊದಲ ತಿಂಗಳು ನೆಗಡಿ ಎಂದುಕೊಂಡೆ. ಆಮೇಲೆ ಒಂದು ದಿನ ಬೆಳ್ಳುಳ್ಳಿ ಜಜ್ಜಿ ಅಂಗೈಯನ್ನು ಮೂಗಿಗೆ ಹಿಡಿದೆ. ಏನೂ ಇಲ್ಲ. ಹಸಿಮೀನು, ಕರಿಬೇವು, ಸೀಮೆಎಣ್ಣೆ, ಯಾವುದೂ ಇಲ್ಲ. ಬಾಯಲ್ಲಿ ಉಪ್ಪು, ಹುಳಿ, ಸಿಹಿ ಇವಿಷ್ಟು ಉಳಿದವು. ಅವೂ ಪಕ್ಕದ ಮನೆಯಲ್ಲಿ ಯಾರೋ ಮಾತಾಡಿದ ಹಾಗೆ.

ಹದಿನೈದು ತಿಂಗಳು ನಾನು ಕೈಯ ನೆನಪಿನಿಂದ ಅಡುಗೆ ಮಾಡಿದೆ. ಧನಿಯ ಎಷ್ಟು ಹಿಡಿ, ಹುಣಸೆ ಎಷ್ಟು ಉಂಡೆ, ಕೈಗೆ ಗೊತ್ತಿತ್ತು. ನೀನು ಸೌಟಿನ ಸಾರನ್ನು ಅಂಗೈಗೆ ಹಾಕಿ ನೆಕ್ಕುವಾಗ ನಾನು ನಿನ್ನ ಹುಬ್ಬು ನೋಡುತ್ತಿದ್ದೆ. ಹುಬ್ಬು ಏಳದಿದ್ದರೆ ಸಾರು ಸರಿ. ಆವತ್ತು ನೀನು ಸಂತೆಗೆ ಹೋಗಿದ್ದೆ. ನೋಡಲು ಹುಬ್ಬು ಇರಲಿಲ್ಲ.

ನೀನು ಕೇಳಿದಾಗಲೇ ಹೇಳಬಹುದಿತ್ತು. ಆದರೆ ವಾಸಂತಿಯ ಕೈಯೆಂದರೆ ಕೈ ಎಂದು ಊರು ಹೇಳುತ್ತದೆ, ನನ್ನ ಹತ್ತಿರ ಇರುವುದು ಅದೊಂದೇ. ಮೂಗಿಲ್ಲದ ಅಡುಗೆಯವಳು ಎನ್ನಿಸಿಕೊಳ್ಳುವುದಕ್ಕಿಂತ ಕೆಟ್ಟವಳು ಎನ್ನಿಸಿಕೊಳ್ಳುವುದೇ ಸುಲಭ ಎಂದು ಆ ಗಳಿಗೆಯಲ್ಲಿ ಅನ್ನಿಸಿತು. ಈ ಮನೆಯ ಕಾಫಿಯ ಪರಿಮಳ ಎಂದು ಬರೆದದ್ದೂ ಸುಳ್ಳು.

ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, ಇಲ್ಲಿ ಎರಡು ಸಂಗತಿ ನಡೆದವು. ಮೊದಲನೆಯದು, ಹದಿನೈದು ದಿನದ ಹಿಂದೆ ನಾನು ಒಲೆಯ ಪಕ್ಕದಲ್ಲೇ ಕುಳಿತು ಐಶುವಿನ ಅಂಗಿಗೆ ಗುಂಡಿ ಹೊಲಿಯುತ್ತಿದ್ದೆ. ಮಹಡಿಯಿಂದ ಅನನ್ಯಾ ಓಡಿ ಬಂದಳು. ಹಾಲು ಸೀದು ಕರಿಯಾಗಿತ್ತು. "ಅಕ್ಕಾ, ಮೇಲಿನ ರೂಮಿಗೇ ವಾಸನೆ ಬಂತು, ನೀವು ಪಕ್ಕದಲ್ಲೇ ಕೂತಿದ್ದೀರಲ್ಲಾ" ಎಂದವಳು ನನ್ನ ಮುಖ ನೋಡಿ ಅಲ್ಲಿಗೇ ನಿಂತಳು. ಅವಳಿಗೂ ಕೋವಿಡ್‌ನಲ್ಲಿ ಮೂರು ವಾರ ಹೀಗೆ ಆಗಿತ್ತಂತೆ. ಪಾತ್ರೆ ತಿಕ್ಕುತ್ತಾ ಮೆಲ್ಲಗೆ ಕೇಳಿದಳು, "ಎಷ್ಟು ದಿನದಿಂದ, ಅಕ್ಕಾ?" ನಿನಗೆ ಹೇಳದ್ದನ್ನು ಅವಳಿಗೆ ಹೇಳಿಬಿಟ್ಟೆ. ಅದಕ್ಕೆ ನೀನು ಬೇಸರಪಡುತ್ತೀಯ ಎಂದೂ ಗೊತ್ತು.

ಎರಡನೆಯದು ಮೊನ್ನೆ ಭಾನುವಾರ. ನಿನ್ನ ಕಾಗದ ಕೈಗೆ ಬರುವ ಹಿಂದಿನ ದಿನ.

ಸಂಪತ್‌ನ ಜೊತೆ ಕೆಲಸ ಮಾಡುವ ಯಾನ್ ಎಂಬ ಹೆಂಗಸು ಇದ್ದಾಳೆ. ಚೀನಾದ ಸಿಚುವಾನ್ ಪ್ರಾಂತ್ಯದವಳು. ನನ್ನ ವಿಷಯ ಕೇಳಿ, ಹಾಗಾದರೆ ಅವರನ್ನು ನಮ್ಮೂರ ಊಟಕ್ಕೆ ಕರೆದುಕೊಂಡು ಬನ್ನಿ ಎಂದಳಂತೆ. ಬಸ್‌ಸ್ಟ್ಯಾಂಡಿನ ಗಾಡಿಯಲ್ಲಿ ಮಾರುವ ಗೋಬಿ ಮಂಚೂರಿಯೇ ಚೀನಾದ ಊಟ ಎಂದುಕೊಂಡವಳು ನಾನು. ಅದರ ಹೆಸರು ಹೇಳಿದರೆ ಯಾನ್‌ಗೆ ಅದು ಏನೆಂದೇ ಗೊತ್ತಿಲ್ಲ. ರೈಲು ಹತ್ತಿ ಡಬ್ಲಿನ್‌ಗೆ ಹೋದೆವು. ಪಾರ್ನೆಲ್ ಬೀದಿಯಲ್ಲಿ ಕಿರಿದಾದ ಒಂದು ಹೋಟೆಲು, ಗಾಜಿನ ಮೇಲೆಲ್ಲ ಒಳಗಿನ ಹಬೆ. ನಮ್ಮ ಸುತ್ತ ಕುಳಿತವರೆಲ್ಲ ಯಾನ್‌ಳ ಕಡೆಯವರೇ. ಒಬ್ಬರೂ ಮಾತಾಡುತ್ತಿರಲಿಲ್ಲ, ಹಣೆಯ ಬೆವರು ಒರೆಸಿಕೊಳ್ಳುತ್ತಾ ಉಣ್ಣುತ್ತಿದ್ದರು.

ಮೊದಲು ಹೆಸರುಹಿಟ್ಟಿನ ಹಾಲುಬಾಯಿಯಂಥದ್ದು ಬಂತು. ತಣ್ಣಗೆ, ಬೆರಳುದ್ದ ಕತ್ತರಿಸಿ ಕೆಂಪೆಣ್ಣೆ ಸುರಿದದ್ದು. ಕಡ್ಡಿಗಳಿಂದ ಹಿಡಿದರೆ ಜಾರಿ ಜಾರಿ ಬೀಳುತ್ತಿತ್ತು, ಐಶು ನನಗೆ ಚಮಚ ತಂದುಕೊಟ್ಟಳು. ಆಮೇಲೆ ಕೋಳಿ. ಕೋಳಿ ಎಂದು ಬಂದದ್ದು ಒಣಮೆಣಸಿನ ಒಂದು ಗುಡ್ಡ. ಅದರೊಳಗೆ ಹುಡುಕಿ ಹುಡುಕಿ ಅಡಕೆಯಷ್ಟು ದೊಡ್ಡ ತುಂಡುಗಳನ್ನು ತೆಗೆದು ತಿನ್ನಬೇಕು. ಅಷ್ಟು ಮೆಣಸನ್ನು ಸುಮ್ಮನೆ ಹಾಸಿಗೆಯಂತೆ ಹಾಸಿಬಿಡುತ್ತಾರಲ್ಲ ಎಂದು ನಾನು ಬಾಯಿ ತೆರೆದು ನೋಡಿದೆ.

ಕೊನೆಗೆ ಮೀನು ಬಂತು. ಕೂಸನ್ನು ಮೀಯಿಸುವ ಬೋಗುಣಿಯಷ್ಟು ದೊಡ್ಡ ಪಾತ್ರೆ. ಅಂಚಿನಿಂದ ಅಂಚಿಗೆ ತೇಲುವ ಮೆಣಸು, ನೀರೇ ಕಾಣುವುದಿಲ್ಲ. ಬಡಿಸುವ ಹುಡುಗಿ ಅದರ ಮೇಲೆ ಹೊಗೆಯಾಡುವ ಎಣ್ಣೆ ಸುರಿದಳು. ಮೆಣಸೆಲ್ಲ ಒಟ್ಟಿಗೆ ಚುರುಗುಟ್ಟಿತು. ಅನನ್ಯಾ ಕೆಮ್ಮಿದಳು, ಐಶು ಮೂಗು ಮುಚ್ಚಿಕೊಂಡಳು, ಪಕ್ಕದ ಮೇಜಿನವರು ಕಣ್ಣು ಮುಚ್ಚಿ ಉಸಿರೆಳೆದರು. ಎಲ್ಲರ ಮುಖದಲ್ಲೂ ಆ ಘಾಟು ಕಂಡಿತು. ನನಗೆ ಶಬ್ದ ಮಾತ್ರ. ಇಲ್ಲಿಗೂ ಬಂದು ಹೊರಗೇ ನಿಂತೆನಲ್ಲ ಎಂದುಕೊಂಡು ಒಂದು ತುಂಡು ಬಾಯಿಗಿಟ್ಟೆ.

ಖಾರ ಉರಿಯಿತು. ಖಾರ ಊರಿನಲ್ಲೂ ಉರಿಯುತ್ತಿತ್ತು, ಮುಚ್ಚಿದ ಬಾಗಿಲನ್ನು ಹೊರಗಿನಿಂದ ಗುದ್ದಿದ ಹಾಗೆ. ಅದರಲ್ಲಿ ಹೊಸತೇನಿಲ್ಲ. ಆದರೆ ಉರಿಯ ಹಿಂದೆಯೇ ಇನ್ನೊಂದು ಬಂತು. ಮೊದಲು ತುಟಿಯ ಅಂಚಿನಲ್ಲಿ ಇರುವೆಯ ಸಾಲು ಹೊರಟ ಹಾಗೆ. ಆಮೇಲೆ ನಾಲಿಗೆಯ ತುದಿ ನಡುಗತೊಡಗಿತು. ತಾಳ ಬಡಿದ ಮೇಲೆ ಕಂಚು ನಡುಗುತ್ತದಲ್ಲ, ಆ ತೆಳ್ಳನೆಯ ನಡುಕ. ಅದು ವಸಡಿಗೆ ಹೋಯಿತು, ಗಲ್ಲಕ್ಕೆ ಬಂತು. ಹೆದರಿ ನೀರು ಕುಡಿದರೆ ಬಾಯೊಳಗೆ ನೀರೂ ನಡುಗಿತು. ಹೊನ್ನಕ್ಕ, ಹದಿನೇಳು ತಿಂಗಳಿಂದ ನನ್ನ ಬಾಯಿ ಸತ್ತಿತ್ತು. ಅದು ಜುಮ್ಮೆಂದಿತು. ಒಳಗೆ ಯಾರೋ ಎದ್ದು ಕುಳಿತರು. ಇನ್ನೊಂದು ತುಂಡು ತಿಂದೆ, ಇನ್ನೊಂದು ತಿಂದೆ. ಅಷ್ಟರಲ್ಲಿ ನನ್ನ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಅದು ಖಾರದ್ದಲ್ಲ. ಬಡಿಸುವ ಹುಡುಗಿ ಬಂದು ಬಗ್ಗಿ, ಗ್ರ್ಯಾಂಡಾಗಿದ್ದೀರಾ ಎಂದು ಕೇಳಿದಳು. ಗ್ರ್ಯಾಂಡ್ ಎಂದೆ. ಆ ಮಾತನ್ನು ನಾನು ಆಡಿದ್ದು ಅದೇ ಮೊದಲು.

ಯಾನ್ ತಟ್ಟೆಯ ಅಂಚಿನಿಂದ ಒಂದು ಒಡೆದ ಸಿಪ್ಪೆಯನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟಳು. ಅವರ ಕಡೆ ಖಾರಕ್ಕೆ ಎರಡು ಹೆಸರಂತೆ. ಉರಿಯುವುದು 'ಲಾ', ನಡುಗಿಸುವುದು 'ಮಾ'. ಈ ಸಿಪ್ಪೆ ಮಾ. ನಾನು ಅದನ್ನು ನೋಡಿದೆ. ಕೆಂಪು ಮಿಶ್ರಿತ ಕಂದು, ಬಾಯಿಬಿಟ್ಟ ಪುಟ್ಟ ಕಾಯಿ. ಗಾತ್ರವೊಂದು ಚಿಕ್ಕದು, ಉಳಿದಂತೆ ನಮ್ಮ ಜುಮ್ಮನಕಾಯಿಯ ಒಡಹುಟ್ಟು. ನಾವು ಬಂಗಡೆ ಸಾರಿಗೆ ಪರಿಮಳಕ್ಕೆಂದು ಜಜ್ಜಿ ಹಾಕುತ್ತೇವೆ, ಉಣ್ಣುವವರು ಬದಿಗೆ ತೆಗೆದಿಡುತ್ತಾರೆ. ಅವರು ಅದನ್ನೇ ತಿನ್ನುತ್ತಾರೆ. ನಡುಕಕ್ಕಾಗಿಯೇ ತಿನ್ನುತ್ತಾರೆ. ಆ ಕಾಯಿಯ ಹೆಸರಲ್ಲೇ ಜುಮ್ಮು ಇತ್ತು. ದಿನಾ ಕೈಯಲ್ಲಿ ಹಿಡಿದು ಅದನ್ನು ಕೂಗಿ ಕರೆದವಳು ನಾನು, ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ.

ಮೂಗು ಬಂದಿಲ್ಲ. ಬರುತ್ತದೆ ಎಂದು ಯಾರೂ ಹೇಳುತ್ತಿಲ್ಲ. ಮಾಸ್ತರರಿಗೆ ನಾನೇ ಹೇಳಬೇಕು, ಆ ಧೈರ್ಯ ಇನ್ನೂ ಬಂದಿಲ್ಲ. ಮೊದಲು ನಿನಗೆ ಹೇಳಿದೆ.

ವಾಸಂತಿ


ಅಂಕೋಲೆ
11 ಏಪ್ರಿಲ್ 2025

ವಾಸಂತಿ,

ನಿನ್ನ ಉತ್ತರ ಬರಲಿಲ್ಲ. ಅದಕ್ಕೆ ಬದಲು ಫೋಟೋ ಬಂತು. ನಿನ್ನ ತಮ್ಮ ಮನೆಯವರ ಗುಂಪಿಗೆ ಹಾಕಿದ್ದನ್ನು ನಿನ್ನ ಭಾವ ತಂದು ತೋರಿಸಿದರು. ಬೋಗುಣಿ ತುಂಬ ಚೀನಾದವರ ಮೀನು, ಅದರ ಮುಂದೆ ನೀನು ಬಾಯಿ ತುಂಬ ನಗುತ್ತ ಕುಳಿತಿದ್ದೀಯ.

ಹಿಂದಿನ ಕಾಗದದಲ್ಲಿ ಜನ ಬರುತ್ತಿದ್ದಾರೆ ಎಂದು ಬರೆದೆ. ಬರುತ್ತಿಲ್ಲ. ಮಧ್ಯಾಹ್ನ ಎಂಬತ್ತು ಎಲೆ ಬೀಳುತ್ತಿದ್ದಲ್ಲಿ ಈಗ ಇಪ್ಪತ್ತೈದು ಬಿದ್ದರೆ ಹೆಚ್ಚು. ಬಂದವರೂ ನನ್ನ ಸಾರನ್ನು ಕಲಸಿ ಕಲಸಿ ನೋಡುತ್ತಾರೆ. ಮಾಸ್ತರರು ಇನ್ನೂ ಗಂಜಿಯಲ್ಲೇ ಇದ್ದಾರೆ. ಅಂಥದ್ದರಲ್ಲಿ ನಿನಗೆ ಹೋಟೆಲಿನ ಮೀನು ಗಂಟಲಲ್ಲಿ ಇಳಿಯಿತಲ್ಲ.

ಬೋರ್ಡಿನಿಂದ ನಿನ್ನ ಹೆಸರು ಅಳಿಸಲು ಪೇಂಟರಿಗೆ ಹೇಳಿದ್ದೇನೆ. ಜೂನಿನಿಂದ ನನ್ನ ತವರಿನ ಕಡೆಯ ಒಬ್ಬಳು ಅಡುಗೆಗೆ ಬರುತ್ತಾಳೆ. ನೀನು ಅಲ್ಲೇ ಇರಬಹುದು.

ಆ ದಿನ ನೀನು ಹೋದ ಮೇಲೆ ನಾನು ಏನು ಮಾಡಿದೆ ಎಂದು ನಿನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಹೊನ್ನಮ್ಮ


ಲೀಕ್ಸ್‌ಲಿಪ್
29 ಏಪ್ರಿಲ್ 2025

ಹೊನ್ನಕ್ಕ,

ನಮ್ಮ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ನೀನು ಇದನ್ನು ಓದುವ ಹೊತ್ತಿಗೆ ನನ್ನ ಒಂಬತ್ತನೇ ತಾರೀಕಿನದು ನಿನಗೆ ಸಿಕ್ಕಿರುತ್ತದೆ. ಫೋಟೋದಲ್ಲಿ ನಾನು ನಗುತ್ತಿಲ್ಲ. ಸಂಪತ್ ಕೂಡ ನಗು ಎಂದೇ ತಿಳಿದು ತೆಗೆದನಂತೆ. ಅವನ ಮೇಲೆ ಕೋಪ ಬೇಡ.

ಬೋರ್ಡಿನ ವಿಷಯದಲ್ಲಿ ನಾನು ಏನೂ ಹೇಳುವುದಿಲ್ಲ. ನಿನ್ನ ಜಾಗದಲ್ಲಿ ಇದ್ದಿದ್ದರೆ ನಾನೂ ಅಳಿಸುತ್ತಿದ್ದೆ. ಆದರೆ ಮಾಸ್ತರರು ನಮ್ಮಿಬ್ಬರ ನಡುವೆ ಕಾಯುತ್ತ ಕೂರಬೇಕಾಗಿಲ್ಲ. ಇವತ್ತು ಅವರಿಗೂ ಒಂದು ಕಾಗದ ಹಾಕಿದ್ದೇನೆ. ಮೂಗಿಲ್ಲದೆ ಅಡುಗೆ ಮಾಡಿದವಳು ನಾನು, ಹಳಸಿದ್ದನ್ನು ಬಡಿಸಿದವಳು ನಾನು, ಹೊನ್ನಕ್ಕ ಆಗ ಖಾನಾವಳಿಯಲ್ಲೇ ಇರಲಿಲ್ಲ ಎಂದು ಬರೆದಿದ್ದೇನೆ. ಏಳನೇ ಇಯತ್ತೆಯಲ್ಲಿ ಅವರಿಗೆ ಶುದ್ಧಬರಹ ತೋರಿಸುವ ಮೊದಲು ಮಾಡುತ್ತಿದ್ದಂತೆಯೇ ಪ್ರತಿ ಸಾಲನ್ನೂ ಎರಡೆರಡು ಸಲ ಓದಿ ನೋಡಿದೆ.

ಇನ್ನೊಂದು ಹೇಳುತ್ತೇನೆ, ಕೋಪವಿದ್ದರೂ ಓದು. ನಿನ್ನನ್ನು ಬಿಟ್ಟರೆ ಇದನ್ನು ತಿಳಿಯುವವರು ನನಗೆ ಬೇರೆ ಯಾರೂ ಇಲ್ಲ.

ಮೊನ್ನೆ ಸಂಪತ್ ಮತ್ತು ಯಾನ್ ಜೊತೆ ಆ ಹೋಟೆಲಿಗೆ ಮತ್ತೆ ಹೋದೆ. ಮಧ್ಯಾಹ್ನದ ಊಟ ಮುಗಿದು ಸಂಜೆಯದು ಶುರುವಾಗುವ ನಡುವೆ ಅವರ ಅಡುಗೆಮನೆ ನೋಡಲು ಯಾನ್ ಕೇಳಿಕೊಂಡಿದ್ದಳು. ಝಾಂಗ್ ಎಂಬ ಅಡುಗೆಯವರು, ಅರವತ್ತು ದಾಟಿದವರು, ಮೊಣಕೈವರೆಗೆ ಎಣ್ಣೆ ಸಿಡಿದ ಕಲೆ. ಅವರಿಗೆ ಇಂಗ್ಲಿಷೂ ಅಷ್ಟಕ್ಕಷ್ಟೆ, ನನಗೂ ಅಷ್ಟಕ್ಕಷ್ಟೆ. ಮೀನನ್ನು ಅವರು ಎಲೆಯಷ್ಟು ತೆಳ್ಳಗೆ ಓರೆಯಾಗಿ ಕತ್ತರಿಸಿದರು. ಮೊಟ್ಟೆಯ ಬಿಳಿ, ಪಿಷ್ಟದ ಹಿಟ್ಟು ಹಾಕಿ ಕೂಸಿಗೆ ಎಣ್ಣೆ ನೀವಿದಂತೆ ನೀವಿದರು. ಒಂದು ಹೋಳನ್ನು ನನ್ನ ಅಂಗೈ ಮೇಲಿಟ್ಟರು. ಬೆಂದ ಮೇಲೆ ಅದೇ ಹೋಳನ್ನು ಬಾಯಿಗೆ ಕೊಟ್ಟರು. ನಾಲಿಗೆಗೆ ತಾಗಿತೋ ಇಲ್ಲವೋ, ಜಾರಿ ಹೋಯಿತು.

ಆಮೇಲೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಕಣ್ಣು ಮುಚ್ಚಿಸಿದರು. ಒಂದೊಂದೇ ಕೊಟ್ಟರು. ತಾವರೆಯ ಗೆಡ್ಡೆ ಮುರಿಯಿತು, ಮುರಿದ ಮೇಲೆ ನೂಲಾಗಿ ಎಳೆಯಿತು. ಮರದ ಮೇಲೆ ಬೆಳೆಯುವ ಕರಿ ಅಣಬೆ ಕರುಕರು ಎಂದಿತು. ಬಾತುಕೋಳಿಯ ಕರುಳು ಹಲ್ಲಿನ ಕೆಳಗೆ ಪುಟಿದು ಎದ್ದಿತು, ಅದು ಕರುಳು ಎಂದು ಆಮೇಲೆ ಗೊತ್ತಾಯಿತು, ಮೊದಲೇ ಹೇಳಿದ್ದರೆ ತಿನ್ನುತ್ತಿರಲಿಲ್ಲ. ಪ್ರತಿಯೊಂದಕ್ಕೂ ಅವರಲ್ಲಿ ಬೇರೆ ಬೇರೆ ಶಬ್ದವಿದೆ. ಮುರಿಯುವುದಕ್ಕೆ ಒಂದು, ಪುಟಿಯುವುದಕ್ಕೆ ಒಂದು, ಜಾರುವುದಕ್ಕೆ ಒಂದು. ಯಾನ್ ಅವರ ಮಾತನ್ನು ತಿಳಿಸಿ ಹೇಳಿದಳು: ನಮ್ಮಲ್ಲಿ ಅರ್ಧ ಊಟ ಹಲ್ಲಿಗೆ ಬಡಿಸುವುದು.

ನಾನು ಕಣ್ಣು ಮುಚ್ಚಿಕೊಂಡೇ ಕುಳಿತಿದ್ದೆ. ನನ್ನ ಬಾಯಿಯೊಳಗೆ ಇಷ್ಟು ದೊಡ್ಡ ದೇಶ ಇತ್ತೇ? ಮೂಗು ಇದ್ದ ನಲವತ್ತೇಳು ವರ್ಷ ನಾನು ಅದರ ಗಡಿಯನ್ನೂ ದಾಟಿರಲಿಲ್ಲ. ಎಲ್ಲ ಹೋಯಿತು ಎಂದು ತಿಳಿದ ಮೇಲೆ, ಯಾವುದೋ ಊರಿನ ಹಿತ್ತಲ ಅಡುಗೆಮನೆಯಲ್ಲಿ, ಭಾಷೆ ಬಾರದ ಮುದುಕರೊಬ್ಬರು ಅದನ್ನು ಒಂದೊಂದೇ ತುತ್ತಾಗಿ ನನ್ನ ಕೈಗೆ ಹಾಕಿದರು.

ಹೊರಡುವಾಗ ಅವರು ಅಯ್ಯೋ ಪಾಪ ಎನ್ನಲಿಲ್ಲ. ಕೈ ಒರೆಸಿಕೊಳ್ಳುತ್ತ ಒಂದೇ ಒಂದು ಕೇಳಿದರು. "ನಿಮ್ಮ ಅಡುಗೆಮನೇಲಿ ಮೂಗು ಇರೋರು ಯಾರಾದ್ರೂ ಇದ್ದಾರಾ ಅಂತ ಕೇಳ್ತಿದ್ದಾರೆ" ಎಂದು ಸಂಪತ್ ಹೇಳಿದ. ಇದ್ದಾಳೆ ಎಂದೆ. ನಿಜವೋ ಸುಳ್ಳೋ ತಿಳಿಯದೆ ಹೇಳಿದೆ.

ವಾಸಂತಿ


ಅಂಕೋಲೆ
16 ಮೇ 2025

ವಾಸಂತಿ,

ಫೋನು ಮಾಡಬಹುದಿತ್ತು. ಮಾಡಿದರೆ ಅಳುತ್ತೇನೆ, ಅದನ್ನು ನೀನು ಕೇಳಬಾರದು. ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ, ನೀನು ಹೊರಡುವ ಮೊದಲು ಸಿಗಲಿ.

ನಿನ್ನ ಒಂಬತ್ತನೇ ತಾರೀಕಿನ ಕಾಗದ ಏಪ್ರಿಲ್ ಇಪ್ಪತ್ನಾಲ್ಕಕ್ಕೆ ಬಂತು. ಪೇಂಟರು ಅದರ ಹಿಂದಿನ ದಿನ ಬಂದು ಹೋಗಿದ್ದ. ಈಗ ಬೋರ್ಡಿನಲ್ಲಿ ನನ್ನ ಹೆಸರು, ಪಕ್ಕದಲ್ಲಿ ಬಿಳಿ ಬಣ್ಣ. ಮತ್ತೆ ಬರೆಯಲು ಕರೆದರೆ ಮದುವೆ ಸೀಸನ್ ಮುಗಿಯಲಿ ಎನ್ನುತ್ತಾನೆ. ತವರಿನವಳಿಗೆ ಬರಬೇಡ ಎಂದಿದ್ದೇನೆ. ಕಾಗದ ಓದಿದ ದಿನವೇ ಉತ್ತರ ಬರೆಯಬೇಕಿತ್ತು. ಆದರೆ ನನ್ನ ಆ ಕೆಟ್ಟ ಕಾಗದ ಆಗಲೇ ದಾರಿಯಲ್ಲಿತ್ತು, ಅದನ್ನು ಹಿಂದೆ ಕರೆಯಲು ಆಗುವುದಿಲ್ಲ. ನಾಚಿಕೆಯಿಂದ ಪೆನ್ನು ಎತ್ತಲಿಲ್ಲ.

ಹೋದ ವಾರ ಒಂದು ಕೆಲಸ ಮಾಡಿದೆ. ಬೆಳಿಗ್ಗೆ ಎರಡೂ ಹೊಳ್ಳೆಗೆ ಹತ್ತಿ ತುರುಕಿ, ಮೇಲೆ ಬಟ್ಟೆ ಕಟ್ಟಿ, ಬಂಗಡೆ ಸಾರಿಗೆ ಇಟ್ಟೆ. ನನಗೆ ಧೂಳಿನ ಅಲರ್ಜಿ ಎಂದು ನಿನ್ನ ಭಾವನಿಗೆ ಹೇಳಿದೆ. ಈರುಳ್ಳಿ ಎಷ್ಟು ಹುರಿದರೆ ಸಾಕು ಎಂದು ತಿಳಿಯಲಿಲ್ಲ. ಧನಿಯ ಹಸಿಯೋ ಬೆಂದಿತೋ ತಿಳಿಯಲಿಲ್ಲ. ಕಾಯಿ ಚೆನ್ನಾಗಿದೆಯೋ ಇಲ್ಲವೋ ಎಂಬ ಹೆದರಿಕೆಗೆ ಮೂರು ಸಲ ಬೇರೆ ಕಾಯಿ ಒಡೆದೆ. ಹನ್ನೊಂದು ಗಂಟೆಗೆ ಸೌಟು ಬಿಟ್ಟು ನೆಲದ ಮೇಲೆ ಕುಳಿತೆ. ಸಾರನ್ನು ನಿನ್ನ ಭಾವ ಬಾಯಿಗಿಟ್ಟು ಮಜ್ಜಿಗೆ ಕೇಳಿದರು.

ಒಂದು ಹೊತ್ತು, ವಾಸಂತಿ. ನೀನು ಹದಿನೈದು ತಿಂಗಳು, ದಿನಕ್ಕೆ ಎಂಬತ್ತು ಎಲೆ, ಒಬ್ಬರಿಗೂ ಗೊತ್ತಾಗದಂತೆ. ನನಗೆ ಕೋಪ ಬರಬೇಕಿತ್ತು, ಬಂತು ಕೂಡ. ಪಕ್ಕದಲ್ಲೇ ನಿಂತವಳ ಹುಬ್ಬು ನೋಡುವ ಬದಲು ಬಾಯಿ ಬಿಟ್ಟು ಕೇಳಬಹುದಿತ್ತು. ಆದರೆ ಕೋಪಕ್ಕಿಂತ ಮೊದಲು ಬೇರೆ ಒಂದು ಬಂತು. ಅದಕ್ಕೆ ಏನೆನ್ನುತ್ತಾರೋ ನನಗೆ ತಿಳಿಯದು. ಅಲ್ಲೇ ನೆಲದ ಮೇಲೆ ಕುಳಿತು ನಿನ್ನ ಒಲೆಯನ್ನು ಬಹಳ ಹೊತ್ತು ನೋಡಿದೆ, ಇಪ್ಪತ್ತಾರು ವರ್ಷದಲ್ಲಿ ನೋಡದೆ ಇದ್ದವಳ ಹಾಗೆ.

ಮೊನ್ನೆ ಗಾಂವಕರ ಮಾಸ್ತರರು ಕೋಲೂರಿಕೊಂಡು ಖಾನಾವಳಿಗೇ ಬಂದರು. ಕೈಯಲ್ಲಿ ನಿನ್ನ ಕಾಗದ. ಬೆಂಚಿನ ಮೇಲೆ ಕುಳಿತು, ಕನ್ನಡಕ ಹಾಕಿಕೊಂಡು, ನನ್ನನ್ನು ಎದುರಿಗೆ ನಿಲ್ಲಿಸಿ ಕೇಳಿದರು.

"ಹೊನ್ನಮ್ಮಾ, ಅವತ್ತು ಆಸ್ಪತ್ರೆಗೆ ಬಂದು ಸಾರು ನಾನೇ ಮಾಡಿದ್ದು, ತಪ್ಪು ನಂದೇ ಅಂತ ನೀನು ಹೇಳ್ದೆ. ಈಗ ಇವಳು ತಪ್ಪು ತನ್ನದು ಅಂತ ಬರೀತಾಳೆ. ಹಾಗಾದ್ರೆ ನಾನು ಯಾರ ಕೈ ಸಾರು ಉಂಡೆ?"

ನಿನಗೆ ಗೊತ್ತಾಗುವುದು ಬೇಡ ಎಂದು ಬರೆದದ್ದು ಇದೇ. ನೀನು ಹೊರಟ ದಿನವೇ ಮಾಸ್ತರರ ಹತ್ತಿರ ಹೋಗಿ ನನ್ನ ತಪ್ಪು ಎಂದೆ. ಆ ಐದು ಜನರಿಗೂ ಹಾಗೆಯೇ ಹೇಳಿದೆ. ಅದಕ್ಕೇ ಎಲೆ ಇಪ್ಪತ್ತೈದಕ್ಕೆ ಇಳಿದದ್ದು, ಊರು ನನ್ನ ಕೈಗೆ ಹೆದರಿತು. ನಿನ್ನ ಕೈಯ ಮೇಲೆ ಜನರಿಗೆ ನಂಬಿಕೆ ಹೋದರೆ ಖಾನಾವಳಿಯೇ ಹೋಯಿತು, ಅದಕ್ಕೇ ಹೇಳಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಅದಲ್ಲ. ನಿನ್ನ ಮೇಲೆ ಅಷ್ಟು ಸಿಟ್ಟಿದ್ದರೂ ಊರಿನವರು ನಿನ್ನನ್ನು ಬೈಯುವುದನ್ನು ಕೇಳಲು ನನ್ನಿಂದ ಆಗುತ್ತಿರಲಿಲ್ಲ. ಬೈಯುವುದಾದರೆ ನಾನು ಬೈಯಬೇಕು.

ಮಾಸ್ತರರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಕನ್ನಡಕ ತೆಗೆದು, ಇಬ್ಬರು ಹೆಂಗಸರು ಸೇರಿ ಒಬ್ಬ ಮುದುಕನಿಗೆ ಇಷ್ಟು ಸುಳ್ಳು ಹೇಳಿದಿರಲ್ಲ ಎಂದರು. ಮುಖದಲ್ಲಿ ಸಿಟ್ಟಿರಲಿಲ್ಲ. ನಿನ್ನ ಕಾಗದವನ್ನು ನನಗೆ ಓದಲು ಕೊಟ್ಟರು. ಮೂರು ಕಡೆ ಒತ್ತಕ್ಷರ ತಪ್ಪಿದ್ದನ್ನು ಕೆಂಪು ಶಾಯಿಯಲ್ಲಿ ತಿದ್ದಿದ್ದಾರೆ. ನೀನು ಬಂದು ಅದನ್ನು ಹತ್ತು ಸಲ ಬರೆದು ತೋರಿಸಬೇಕಂತೆ. ಆಮೇಲೆ ನಮ್ಮಿಬ್ಬರ ಕೈಯದನ್ನು ಉಣ್ಣುತ್ತಾರಂತೆ.

ನಿನ್ನ ಚೀನಾದ ಅಡುಗೆಯವರಿಗೆ ಹೇಳು, ನೀನು ಹೇಳಿದ್ದು ಸುಳ್ಳಲ್ಲ ಎಂದು. ಇನ್ನು ಮೂಸುವುದು ನನ್ನ ಕೆಲಸ. ಬೆಳಿಗ್ಗೆ ಕಾಯಿ, ಮೀನು, ಮಸಾಲೆ ಎಲ್ಲ ನನ್ನ ಮೂಗಿನ ಕೆಳಗೆ ಹಾದು ನಿನ್ನ ಒಲೆಗೆ ಬರುತ್ತದೆ. ಸಂತೆಗೆ ನಿನ್ನ ಭಾವ ಹೋಗಲಿ. ಊರಿಗೂ ಇದ್ದದ್ದನ್ನು ಇದ್ದಂತೆ ಹೇಳೋಣ, ಉಣ್ಣುವವರು ಉಣ್ಣಲಿ. ಹಲ್ಲಿಗೆ ಬಡಿಸುವುದು ಎಂದು ಬರೆದೆಯಲ್ಲ, ಅದು ನನಗೆ ಪೂರ್ತಿ ತಲೆಗೆ ಹೋಗಲಿಲ್ಲ. ಕರುಳು ಗಿರುಳು ಬಿಟ್ಟು ಉಳಿದದ್ದು ಮಾಡಿ ತೋರಿಸು.

ಐದನೇ ತಾರೀಕು ನಾನೂ ನಿನ್ನ ಭಾವನೂ ಗೋವಾಕ್ಕೆ ಬರುತ್ತೇವೆ. ಖಾನಾವಳಿ ತೆಗೆದಂದಿನಿಂದ ಸಾವು, ಕಾಯಿಲೆ ಬಿಟ್ಟರೆ ಬೇರೆ ಯಾವ ಕಾರಣಕ್ಕೂ ಬಾಗಿಲು ಹಾಕಿದವಳಲ್ಲ ನಾನು. ಈಗ ಹಾಕುತ್ತಿರುವುದಕ್ಕೆ ಜನ ಏನೇನೋ ತಿಳಿದುಕೊಳ್ಳಬಾರದೆಂದು ಒಂದು ರಟ್ಟಿನ ಮೇಲೆ ನಾನೇ ಬರೆದು ಬಾಗಿಲಿಗೆ ಈಗಲೇ ತೂಗುಹಾಕಿದ್ದೇನೆ. ಇನ್ನೂ ಇಪ್ಪತ್ತು ದಿನ ಇದೆ, ಆದರೂ ಇರಲಿ, ಎಲ್ಲರೂ ಓದಲಿ. ಹೀಗೆ ಬರೆದಿದ್ದೇನೆ:

ಜೂನ್ ಐದರಂದು ಊಟ ಇಲ್ಲ. ನಮ್ಮ ಅಡುಗೆಯವರನ್ನು ಕರೆತರಲು ಹೋಗುತ್ತೇವೆ.

ಹೊನ್ನಕ್ಕ